ಪದಚರ್ಚೆ: ಸ್ನಾಯುವಿನ ‘ಸ್ಯಾಟಲೈಟ್ ಸೆಲ್’ಗೆ ಕನ್ನಡ ಪದ ಬೇಕು (ತುರ್ತು)

ಮಾನ್ಯರೇ,

ವಿಜ್ಞಾನ ವಸ್ತುಪ್ರದರ್ಶನವೊಂದರ ಗೋಡೆಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ; ಶುಕ್ರವಾರ ಅಚ್ಚಿಗೆ ಹೋಗಬೇಕು. ಒಂದು ಫಲಕವು ಪೆಟ್ಟಾದ ಸ್ನಾಯು ಮತ್ತೆ ಕೂಡಿಕೊಳ್ಳುವ ಬಗೆಯನ್ನು ಕುರಿತದ್ದು. ಸ್ನಾಯುತಂತುವಿನ ಪೊರೆಗೂ ಅದನ್ನು ಹೊರಗಿನಿಂದ ಸುತ್ತಿರುವ ಆಧಾರಪೊರೆಗೂ ನಡುವೆ ಸುಮ್ಮನೆ ಬಿದ್ದಿದ್ದು, ಪೆಟ್ಟಾದಾಗ ಎಚ್ಚೆತ್ತು, ಗಾಯದೆಡೆಗೆ ಸರಿದು, ಒಂದು ಎರಡಾಗಿ ಎರಡು ನಾಲ್ಕಾಗಿ, ಕೊನೆಗೆ ಪರಸ್ಪರ ಬೆಸೆದುಕೊಂಡು ಹೊಸ ತಂತುವಾಗುವ ಆಕರಕೋಶಗಳಿಗೆ (ಸ್ಟೆಮ್ ಸೆಲ್) ‘ಸ್ಯಾಟಲೈಟ್ ಸೆಲ್’ ಎನ್ನುತ್ತಾರೆ. ಕರಡಿನಲ್ಲಿ ‘ಉಪಗ್ರಹ ಕೋಶ’ ಎಂದು ಬರೆದಿದ್ದೆ. ಓದಿದವರೊಬ್ಬರು ಇಸ್ರೋದ ಫಲಕ ಇಲ್ಲಿಗೇಕೆ ಬಂತು ಎಂದರು. ‘ಮೈಗ್ರೇಷನ್’ ಮತ್ತು ‘ಪ್ರಾಲಿಫರೇಷನ್’ಗಳಿಗೂ ಪದ ಸೂಚಿಸಬೇಕಾಗಿ ಕೋರಿಕೆ.

ಮರು:

‘ಉಪಗ್ರಹ’ ಸಲ್ಲದು. ಲ್ಯಾಟಿನ್ನಿನ ‘ಸ್ಯಾಟೆಲೆಸ್’ ಎಂದರೆ ಒಡೆಯನ ಪಕ್ಕದಲ್ಲಿರುವ ಅನುಚರ. ಅದನ್ನು ಗುರುಗ್ರಹದ ಚಂದ್ರರಿಗೆ ಹಚ್ಚಿದವನು ಕೆಪ್ಲರ್. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕೋಶಗಳಿಗೆ ಹೆಸರಿಟ್ಟದ್ದು, ಅವು ತಂತುವಿನ ಅಂಚಿಗೆ ಅಂಟಿಕೊಂಡಿದ್ದವೆಂಬ ಕಾರಣಕ್ಕೆ. ಸುತ್ತುವ ಮಾತೇ ಅಲ್ಲಿಲ್ಲ. ‘ಅನುಚರಕೋಶ’ ಎನ್ನಿರಿ. ತಾವು ‘ಕಾಂಡಕೋಶ’ ಎನ್ನದೆ ‘ಆಕರಕೋಶ’ ಎಂದದ್ದು ಸರಿ: 1868ರಲ್ಲಿ ಜೀವವಿಜ್ಞಾನಿ ಹೆಕೆಲ್ ಜರ್ಮನ್ನಿನಲ್ಲಿ ‘ಶ್ಟಾಮ್‌ತ್ಸೆಲ್ಲೆ’ ಎಂದಾಗ ಅವನ ಮನಸ್ಸಿನಲ್ಲಿದ್ದದ್ದು ವಂಶವೃಕ್ಷ, ಬಾಳೆಯ ದಿಂಡಲ್ಲ.

ಇನ್ನೊಂದು ಮಾತು. ‘ಸ್ನಾಯು’ವೇ ತಪ್ಪು. ಸುಶ್ರುತಸಂಹಿತೆ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅಲ್ಲಿ ಸ್ನಾಯುವೆಂದರೆ ಕಟ್ಟುವ ನಾರು, ಮಾಂಸವಲ್ಲ. ‘ಪೇಶಿ’ ಎಂದು ತಿದ್ದಿರಿ.

ಮರು:

ಎರವಲಿಗೆ ಎರವಲನ್ನೇ ಮದ್ದೆಂದು ಕೊಡುವುದು ಈ ಗುಂಪಿನ ಹಳೆಯ ಚಾಳಿ. ಒತ್ತಿಗೆ ಇರುವುದು ‘ಒತ್ತುಕೋಶ’. ‘ಒತ್ತಕ್ಷರ’ ಬಲ್ಲ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಪೇಶಿಯಂತೂ ಬೇಡ. ಲ್ಯಾಟಿನ್ನಿನವರು ಸ್ನಾಯುವಿನಲ್ಲಿ ಇಲಿಮರಿಯನ್ನು ಕಂಡು ‘ಮುಸ್ಕುಲುಸ್’ ಎಂದರು, ನಮ್ಮವರು ಕಾಲಿನ ಹಿಂಬದಿಯಲ್ಲಿ ಮೀನನ್ನು ಕಂಡು ‘ಮೀನಖಂಡ’ ಎಂದರು. ‘ಖಂಡ’ ಊರಲ್ಲೆಲ್ಲ ನಡೆಯುವಾಗ ಸುಶ್ರುತನ ಅಪ್ಪಣೆ ಏಕೆ?

ಮರು:

‘ಖಂಡ’ವೂ ಸಂಸ್ಕೃತವೇ. ‘ಒತ್ತುಕೋಶ’ವನ್ನು ಓದಿದವರು ರಕ್ತದೊತ್ತಡವನ್ನು ನೆನೆಯುತ್ತಾರೆ. ಇಷ್ಟು ಸಾಕು.

ಮರು:

ನಾನು ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಬೆಳೆಸುವ ಕೆಲಸದಲ್ಲಿದ್ದೇನೆ, ವ್ಯುತ್ಪತ್ತಿ ನನ್ನ ಕ್ಷೇತ್ರವಲ್ಲ. ಆದರೆ ಪದ ಎಲ್ಲಿಂದ ಬಂತೆನ್ನುವುದಕ್ಕಿಂತ ಕೋಶ ಏನು ಮಾಡುತ್ತದೆ ಎಂಬುದನ್ನು ನೋಡಿ ಆರಿಸಿದರೆ ಅರ್ಧ ಜಗಳ ತಾನೇ ನಿಲ್ಲುತ್ತದೆ. ಅನುಚರನಾದವನು ಒಡೆಯನ ಹಿಂದೆ ನಡೆಯುತ್ತಾನೆ. ಈ ಕೋಶ ಯಾರ ಹಿಂದೆಯೂ ನಡೆಯುವುದಿಲ್ಲ; ತಂತು ಸತ್ತ ಮೇಲೆಯೇ ಇದರ ನಿಜವಾದ ಕೆಲಸ ಆರಂಭವಾಗುತ್ತದೆ. ಆದ್ದರಿಂದ ಇರುವ ಜಾಗವನ್ನಷ್ಟೇ ಹೇಳುವ ‘ಪಾರ್ಶ್ವಕೋಶ’ ಮೇಲು.

‘ಮೈಗ್ರೇಷನ್’ಗೆ ‘ವಲಸೆ’ ಎಂದು ಯಾರಾದರೂ ಸೂಚಿಸುವ ಮೊದಲೇ ತಡೆಯುತ್ತೇನೆ. ವಲಸೆ ಹೋದವರು ಮನೆ ಬಿಟ್ಟಿರುತ್ತಾರೆ. ತಂತು ನಾಶವಾದರೂ ಅದರ ಆಧಾರಪೊರೆ ಟೊಳ್ಳು ಕೊಳವೆಯಾಗಿ ಉಳಿದಿರುತ್ತದೆ. ಬದುಕಿರುವ ಇಲಿಯ ಸ್ನಾಯುವನ್ನೇ ಸೂಕ್ಷ್ಮದರ್ಶಕದಡಿ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಶಗಳು ಆ ಕೊಳವೆಯ ಉದ್ದಕ್ಕೆ ಹಿಂದಕ್ಕೂ ಮುಂದಕ್ಕೂ ತೆವಳುವುದು, ಅದರ ಜಾಡಿಗೆ ಹೊಂದಿಕೊಂಡೇ ಒಡೆಯುವುದು ಕಂಡುಬಂತು. ಅದಕ್ಕೆ ‘ಸರಿದಾಟ’ ಸಾಕು. ‘ಪ್ರಾಲಿಫರೇಷನ್’ಗೆ ‘ಬೆಳವಣಿಗೆ’ ಎಂದರೆ ವ್ಯಾಯಾಮ ಮಾಡಿದ ತೋಳು ದಪ್ಪವಾಗುವುದೆಂದು ಓದುಗ ತಿಳಿಯುತ್ತಾನೆ. ಇಲ್ಲಿ ಹೆಚ್ಚುವುದು ಗಾತ್ರವಲ್ಲ, ಎಣಿಕೆ, ‘ಸಂಖ್ಯಾವೃದ್ಧಿ’ ಎನ್ನಿ. ನಿದ್ದೆಯಿಂದೆದ್ದ ಕೋಶಕ್ಕೆ ಮೊದಲ ವಿಭಜನೆಗೆ ಒಂದು ದಿನಕ್ಕೂ ಹೆಚ್ಚು ಬೇಕು, ಆಮೇಲಿನವು ಬೇಗಬೇಗ ಆಗುತ್ತವೆ.

ಫಲಕದಲ್ಲಿ ಬಿಡಬಾರದ ಸಂಗತಿ ಇನ್ನೊಂದಿದೆ. ತಂತುವಿನೊಳಗಿನ ಕೋಶಕೇಂದ್ರಗಳು ತಾವಾಗಿ ಒಡೆಯಲಾರವು. ಹೊಸವು ಬರುವುದು ಈ ಕೋಶಗಳಿಂದಲೇ. ಮರಿಕೋಶಗಳಲ್ಲಿ ಕೆಲವು ಬೆಸೆದುಕೊಳ್ಳದೆ ಮತ್ತೆ ಪೊರೆಯಡಿ ಮಲಗುತ್ತವೆ. ಎಲ್ಲವೂ ಬೆಸೆದುಹೋದರೆ ಮುಂದಿನ ಪೆಟ್ಟಿಗೆ ಒಂದೂ ಉಳಿಯದು.

ಮರು (ಕೇಳಿದವರಿಂದ):

ಎಲ್ಲರಿಗೂ ವಂದನೆಗಳು. ಶಾಲೆಯ ಪುಸ್ತಕದಲ್ಲಿ ‘ಸ್ನಾಯು’ ಎಂದೇ ಇರುವುದರಿಂದ ಅದನ್ನು ಉಳಿಸಿಕೊಂಡೆ. ಫಲಕದ ಪಾಠ ಹೀಗಿದೆ: “ಸ್ನಾಯುತಂತುವಿನ ಮಗ್ಗುಲಲ್ಲಿ ಸುಪ್ತವಾಗಿರುವ ಪಾರ್ಶ್ವಕೋಶಗಳು ಪೆಟ್ಟಾದಾಗ ಎಚ್ಚೆತ್ತು, ಹಳೆಯ ತಂತುವಿನ ಜಾಡಿನಲ್ಲಿ ಸರಿದಾಡಿ, ಸಂಖ್ಯಾವೃದ್ಧಿ ಹೊಂದಿ, ಬೆಸೆದುಕೊಂಡು ಹೊಸ ತಂತುವಾಗುತ್ತವೆ, ಕೆಲವು ಮುಂದಿನ ಸಲಕ್ಕೆಂದು ಹಿಂದೆ ಉಳಿಯುತ್ತವೆ.”

ಮರು:

‘ಮಗ್ಗುಲಲ್ಲಿ’ ಎಂದು ನೀವೇ ಬರೆದ ಮೇಲೆ ‘ಮಗ್ಗುಲಕೋಶ’ ಎನ್ನುವುದಕ್ಕೆ ಏನಡ್ಡಿಯಿತ್ತು?