ಸಹಾಯ ಬೇಕು: ಬ್ಯಾಟರಿ ಹೋಗಿದೆಯೋ, ಆಲ್ಟರ್ನೇಟರೋ? (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಬೆಳಗ್ಗೆ ಕಾರು ಸ್ಟಾರ್ಟ್ ಆಗುತ್ತಿಲ್ಲ. ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಮೀಟರ್ ಹಿಡಿದರೆ 11.8 ವೋಲ್ಟ್. ಫುಲ್ ಚಾರ್ಜ್ ಇದ್ದರೆ 12.6 ಇರಬೇಕು ಅಲ್ವಾ?

ನಿನ್ನೆ ಪಕ್ಕದ ಮನೆ ಅಣ್ಣನ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಸ್ಟಾರ್ಟ್ ಮಾಡಿದೆವು. ಕಪ್ಪು ಕೇಬಲ್‌ನ ಕೊನೆಯ ತುದಿಯನ್ನು ನನ್ನ ಬ್ಯಾಟರಿಯ ಮೈನಸ್‌ಗೆ ಹಾಕದೆ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಾಕಿದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಹಾರಬಾರದು. ಗಾಡಿ ಶುರುವಾಯಿತು. ಆದರೆ ಎಂಜಿನ್ ಓಡುತ್ತಿದ್ದಾಗಲೂ 12.4 ದಾಟಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಆಲ್ಟರ್ನೇಟರ್; ಅದು ಸರಿ ಇದ್ದಿದ್ದರೆ 14ರ ಆಸುಪಾಸು ಬರಬೇಕಿತ್ತು.

ಗ್ಯಾರೇಜಿನವರು ಏನೂ ಚೆಕ್ ಮಾಡದೆ ಹೊಸ ಬ್ಯಾಟರಿ ಹಾಕಿಸಿ ಎನ್ನುತ್ತಾರೆ. ನನಗೆ ಆಲ್ಟರ್ನೇಟರ್ ಮೇಲೆಯೇ ಜಾಸ್ತಿ ಅನುಮಾನ. ಗುರುವಾರ ಅವ್ವನನ್ನು ಬಾಗಲಕೋಟೆಗೆ ಡಾಕ್ಟರ್ ಹತ್ತಿರ ಕರೆದೊಯ್ಯಬೇಕು. ಕೊಲ್ಹಾರ ಸೇತುವೆ ಮೇಲೆ ಗಾಡಿ ನಿಂತರೆ ಏನು ಮಾಡಲಿ? ಗೋಳಗುಮ್ಮಟದ ಕಡೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.