1799ರ ಲಾರ್ಜ್ ಸೆಂಟ್ ನಿಜವಾದದ್ದಾ, ತಿದ್ದಿದ್ದಾ? ಸ್ವಲ್ಪ ನೋಡಿ ಹೇಳಿ

ತಾಮ್ರಪ್ರಿಯ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೆಯ ತಾಮ್ರದ ನಾಣ್ಯಗಳನ್ನು ಕೂಡಿಡಲು ಶುರು ಮಾಡಿ ಎರಡು ವರ್ಷ ಆಯಿತು. ಹೋದ ವಾರ ಪೆನ್ಸಿಲ್ವೇನಿಯಾದಲ್ಲಿ ಒಂದು ಹಳೇ ಮನೆಯ ಸಾಮಾನು ಮಾರುತ್ತಿದ್ದ ಕಡೆ ಎರಡು ಲಾರ್ಜ್ ಸೆಂಟ್ (ಹಳೆಯ, ದೊಡ್ಡ ಗಾತ್ರದ ತಾಮ್ರದ ಒಂದು ಸೆಂಟ್ ನಾಣ್ಯ) ಸಿಕ್ಕವು. ಒಂದು 1795ರದ್ದು, ಇನ್ನೊಂದರ ಮೇಲೆ 1799 ಅಂತ ಇದೆ. ಮೊದಲನೆಯದು 13.2 ಗ್ರಾಂ ತೂಗುತ್ತದೆ, ಎರಡನೆಯದು 10.6 ಗ್ರಾಂ ಅಷ್ಟೇ. ಇಷ್ಟೊಂದು ವ್ಯತ್ಯಾಸ ಯಾಕೆ? ಹಗುರ ಇರುವುದು ನಕಲಿನಾ? 1799 ಸಿಗುವುದೇ ಕಷ್ಟ ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದೇನೆ, ಹಾಗಾಗಿ ರಾತ್ರಿ ಸರಿಯಾಗಿ ನಿದ್ದೆಯೂ ಬಂದಿಲ್ಲ. ಮುಂಬದಿ ಚೆನ್ನಾಗಿ ಸವೆದಿದೆ, ಹಿಂಬದಿಯಲ್ಲಿ ಸ್ವಲ್ಪ ಕಿಲುಬು ಇದೆ. ಬೆಲೆ ಎಷ್ಟಾಗಬಹುದು? ತೊಳೆಯಲಾ, ಹಾಗೇ ಬಿಡಲಾ?

ಅಂಚುನೋಡುವವ:
ತೂಕದ ಬಗ್ಗೆ ಹೆದರಬೇಡಿ, ಎರಡೂ ಸರಿಯಾಗೇ ಇವೆ. ಫಿಲಡೆಲ್ಫಿಯಾ ಟಂಕಸಾಲೆ 1793ರಲ್ಲಿ ಸೆಂಟ್ ಹೊಡೆಯಲು ಶುರು ಮಾಡಿದಾಗ ಒಂದೊಂದರ ತೂಕ 13.48 ಗ್ರಾಂ ಇತ್ತು. ಆಮೇಲೆ ತಾಮ್ರದ ಬೆಲೆ ಏರಿತು, 1795ರ ಕೊನೆಯಲ್ಲಿ ತೂಕವನ್ನು 10.89 ಗ್ರಾಂಗೆ ಇಳಿಸಿದರು. ನಿಮ್ಮ 1795ರ ಅಂಚು ನೋಡಿ, 'ಒನ್ ಹಂಡ್ರೆಡ್ ಫಾರ್ ಎ ಡಾಲರ್' ಅನ್ನುವ ಅಕ್ಷರ ಸವೆದಾದರೂ ಕಾಣಬೇಕು. ತೆಳುವಾದ ಮೇಲೆ ಅಂಚು ಬೋಳು. 1799ರ ಅಂಚಿನಲ್ಲಿ ಅಕ್ಷರ ಇದ್ದರೆ ಅದು ಅನುಮಾನ ಪಡಬೇಕಾದ ವಿಷಯ.

ಆದರೆ ತೂಕ ಸರಿ ಇದ್ದ ಮಾತ್ರಕ್ಕೆ 1799 ನಿಜ ಅಂತ ಅಲ್ಲ. ಈ ಇಸವಿಯಲ್ಲಿ ಬಹಳ ಸಲ ನಡೆಯುವ ಮೋಸ ಏನೆಂದರೆ, ಅಸಲಿ 1798 ನಾಣ್ಯ ತಗೊಂಡು 8ರ ಕೆಳಗಿನ ಸುತ್ತಿನ ಎಡಭಾಗವನ್ನು ಕೆರೆದು 9 ಮಾಡಿಬಿಡುತ್ತಾರೆ. ತಾಮ್ರ ಅಸಲಿ, ತೂಕ ಅಸಲಿ, ಒಂದು ಅಂಕಿ ಮಾತ್ರ ಸುಳ್ಳು. ಹಾಗಂತ 9ರ ಕೆಳಗೆ 8ರ ಗುರುತು ಕಂಡರೆ ತಕ್ಷಣ ನಕಲಿ ಅನ್ನಲೂ ಆಗುವುದಿಲ್ಲ, ಯಾಕೆಂದರೆ ಟಂಕಸಾಲೆಯವರೇ 8ರ ಮೇಲೆ 9 ಒತ್ತಿದ ಅಚ್ಚಿನಿಂದಲೂ 1799ರ ಸೆಂಟ್ ಬಂದಿದೆ.

ಅದಕ್ಕೇ ನಾನು ಇಸವಿ ಬಿಟ್ಟು ಮೊದಲು ಕೂದಲು ನೋಡುತ್ತೇನೆ. 1798ರಲ್ಲಿ ಲಿಬರ್ಟಿಯ (ಮುಂಬದಿಯಲ್ಲಿರುವ ಹೆಣ್ಣಿನ ಚಿತ್ರ) ಕೂದಲು ಎರಡು ಥರ ಇದೆ. ಎರಡನೇ ಥರದಲ್ಲಿ ಭುಜದ ಹತ್ತಿರ ಒಂದು ಗುಂಗುರು ಜಾಸ್ತಿ ಇರುತ್ತದೆ. ಅಸಲಿ 1799 ಎಲ್ಲವೂ ಆ ಎರಡನೇ ಥರದವು. ಆ ಗುಂಗುರು ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ.

ನಿಧಾನಿ:
ತೊಳೆಯಬೇಡಿ! ದಯವಿಟ್ಟು ಮುಟ್ಟಲೂ ಬೇಡಿ. ನಾನು ಶುರುವಿನಲ್ಲಿ 1794ರ ಒಂದು ಸೆಂಟನ್ನು ಪಾಲಿಷ್ ಹಾಕಿ ಉಜ್ಜಿದ್ದೆ, ಇನ್ನೂರು ವರ್ಷದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗಿ ಹೊಸ ತಂತಿಯ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಗ್ರೇಡ್‌ಗೆ ಕಳಿಸಿದರೆ ಸ್ಥಿತಿಯ ಅಂಕ ಕೊಡಲಿಲ್ಲ, ಬರೀ 'ಡೀಟೇಲ್ಸ್' (ಅಸಲಿ, ಆದರೆ ಹಾಳಾಗಿದೆ) ಅಂತ ಬರೆದು ವಾಪಸ್ ಕಳಿಸಿದರು. ಅದನ್ನು ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಲೆ ವಿಷಯಕ್ಕೆ ಬಂದರೆ, ಅಸಲಿ 1799 ಪೂರಾ ಸವೆದಿದ್ದರೂ ಸಾವಿರಾರು ಡಾಲರ್ ಆಗುತ್ತದೆ. ಅದೇ ಸ್ಥಿತಿಯ ಸಾಮಾನ್ಯ 1798 ಅದರ ಹತ್ತಿರವೂ ಬರುವುದಿಲ್ಲ. ಹಾಗಾಗಿ ಇಸವಿ ಖಚಿತ ಆಗುವವರೆಗೆ ಬೆಲೆ ಲೆಕ್ಕ ಹಾಕುವುದು ಸುಮ್ನೆ ಮನಸ್ಸಿಗೆ ಹಿಂಸೆ. ಅಂದ ಹಾಗೆ, ಈಗ ಎಲ್ಲ ನಾಣ್ಯಕ್ಕೂ ಸ್ಥಿತಿ ನೋಡಿ ಹಾಕುವ 1ರಿಂದ 70ರ ಅಂಕ ಇದೇ ಲಾರ್ಜ್ ಸೆಂಟ್‌ಗಳಿಗಾಗಿ ವಿಲಿಯಂ ಶೆಲ್ಡನ್ 1949ರಲ್ಲಿ ಕೊಟ್ಟದ್ದು. 70 ಅಂಕದ ನಾಣ್ಯಕ್ಕೆ 1 ಅಂಕದ್ದಕ್ಕಿಂತ 70 ಪಟ್ಟು ಬೆಲೆ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಉಳಿಯಲಿಲ್ಲ, ಅಂಕಗಳು ಮಾತ್ರ ಉಳಿದವು.

ತಾಮ್ರಪ್ರಿಯ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 1795ರ ಅಂಚಿನಲ್ಲಿ 'ಹಂಡ್ರೆಡ್' ಸ್ಪಷ್ಟವಾಗಿ ಓದಲು ಬರುತ್ತದೆ, ಅದೊಂದು ಖುಷಿ. 1799ರ ಅಂಚು ಬೋಳು. ಆದರೆ ಭುಜದ ಹತ್ತಿರ ಆ ಗುಂಗುರು ಇಲ್ಲ. ಸವೆದು ಹೋಗಿರಬಹುದು ಅಂತ ಮನಸ್ಸು ಹೇಳಿತು, ಪಕ್ಕದ ಎಳೆಗಳೆಲ್ಲ ಕಾಣುವಾಗ ಅದೊಂದೇ ಹೇಗೆ ಸವೆಯುತ್ತದೆ ಅಲ್ವಾ. ದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. 9ರ ಎಡಕ್ಕೆ, ಕೆಳಗೆ, ಅಕ್ಕಿಕಾಳಿಗಿಂತ ಚಿಕ್ಕ ಜಾಗ ತಗ್ಗಾಗಿದೆ, ಸುತ್ತಲಿಗಿಂತ ಬಣ್ಣ ತೆಳು, ಸಣ್ಣ ಸಣ್ಣ ಗೆರೆಗಳೂ ಇವೆ.

ಅಂಚುನೋಡುವವ:
ಹಾಗಾದರೆ ಅದು ತಿದ್ದಿದ 1798. ಬೇಜಾರಾಗುತ್ತದೆ, ಗೊತ್ತು. ಮುಂದೆ ಯಾವತ್ತಾದರೂ ಮಾರಿದರೆ ತಿದ್ದಿದ್ದು ಅಂತ ಬರೆದೇ ಮಾರಿ, ಆ ಸುಳ್ಳು ನಿಮ್ಮ ಕೈಯಲ್ಲೇ ನಿಲ್ಲಲಿ. ಆದರೆ ನಾಣ್ಯವನ್ನು ಪಕ್ಕಕ್ಕೆ ಎಸೆಯಬೇಡಿ. 1798ರಲ್ಲಿ ಅಚ್ಚಿನ ಜೋಡಿಗಳೇ (ಮುಂಬದಿಗೊಂದು, ಹಿಂಬದಿಗೊಂದು ಅಚ್ಚು) 40ಕ್ಕೂ ಜಾಸ್ತಿ ಇವೆ, ಕೆಲವು ಬಹಳ ವಿರಳ. ಹಿಂಬದಿಯ ಫೋಟೋ ಹಾಕಿ. ಅಲ್ಲಿರುವ ಎಲೆಯ ಹಾರದಲ್ಲಿ ಎಲೆಗಳ ತುದಿ ಯಾವ ಅಕ್ಷರದ ಕೆಳಗೆ ಬರುತ್ತದೆ, ಹಣ್ಣುಗಳು ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಎಣಿಸಿ ಬರೆಯಿರಿ, ಯಾವ ಜೋಡಿ ಅಂತ ಒಟ್ಟಿಗೆ ಹುಡುಕೋಣ.