ಬೆರಕೆ ಸೊಪ್ಪಿನ ಬಸ್ಸಾರು: ಸೊಪ್ಪು ಕರಗದಂತೆ ಬೇಯಿಸುವ ಕ್ರಮ ಯಾವುದು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮಸ್ಕಾರ. ದಸರಾ ಮುಗಿದಾಗಿನಿಂದ ದೇವರಾಜ ಮಾರುಕಟ್ಟೆಯಲ್ಲಿಯೂ ನಮ್ಮ ಬೀದಿಗೆ ಬರುವ ಗಾಡಿಯಲ್ಲಿಯೂ ಬೆರಕೆ ಸೊಪ್ಪು ಧಾರಾಳವಾಗಿ ಸಿಗುತ್ತಿದೆ. ಕೀರೆ, ಗಣಿಕೆ, ಅಣ್ಣೆ, ಹೊನಗೊನ್ನೆ ಎಲ್ಲವೂ ಒಂದೇ ಕಂತೆಯಲ್ಲಿರುತ್ತವೆ. ಅತ್ತೆಯವರಿಗೆ ರಾತ್ರಿ ಮುದ್ದೆ ಇರಲೇಬೇಕಾದ್ದರಿಂದ ಆಗಾಗ ಬಸ್ಸಾರು ಮಾಡುತ್ತೇನೆ. ಕುಕ್ಕರಿನಲ್ಲಿ ಕಾಳು, ಸೊಪ್ಪು ಒಟ್ಟಿಗೆ ಬೆಂದರೆ ಸೊಪ್ಪು ಬಣ್ಣಗೆಟ್ಟು ಕರಗಿಹೋಗುತ್ತದೆ. ಪಲ್ಯಕ್ಕೆ ಏನೂ ಉಳಿಯುವುದಿಲ್ಲ. ಸರಿಯಾದ ಕ್ರಮವನ್ನು ದಯವಿಟ್ಟು ತಿಳಿಸಿ. ಈಗಲೇ ಬಂದಿರುವ ಅವರೆಕಾಯಿಯನ್ನು ಕೊಳ್ಳಬಹುದೇ ಎಂಬುದನ್ನೂ ಹೇಳಿ.

ಉತ್ತರ 1 (ಮದ್ದೂರು)

ಬಸ್ಸಾರಿನ ಜೀವ ಇರುವುದು ಕಟ್ಟಿನಲ್ಲಿ, ಅಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ. ಹಾಗಾಗಿ ಕುಕ್ಕರನ್ನು ಬಿಟ್ಟು ಅಗಲವಾದ ಪಾತ್ರೆಯನ್ನೇ ಬಳಸಿ. ಒಂದು ಲೋಟ ಹೆಸರುಕಾಳು ಅಥವಾ ಹಲಸಂದೆಕಾಳನ್ನು ಐದಾರು ಲೋಟ ನೀರಿನಲ್ಲಿ ಬೇಯಲು ಇಡಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿದಂತಾಗಿ ನಡುವೆ ಮಾತ್ರ ಸ್ವಲ್ಪ ಗಟ್ಟಿ ಉಳಿದಿರುವಾಗ, ತೊಳೆದು ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಹಾಕಿ. ಇಲ್ಲಿಂದ ಮುಂದೆ ಮುಚ್ಚಳ ಬೇಡ: ಸೊಪ್ಪು ಬೇಯುವಾಗ ಬಿಡುವ ಹುಳಿಯ ಅಂಶ ಆವಿಯೊಂದಿಗೆ ಹೊರಹೋದರೆ ಹಸಿರು ಉಳಿಯುತ್ತದೆ, ಮುಚ್ಚಿದರೆ ಅದು ಮತ್ತೆ ಪಾತ್ರೆಗೇ ಇಳಿದು ಬಣ್ಣ ಕೆಡಿಸುತ್ತದೆ. ಹುಣಸೆಹಣ್ಣನ್ನು ಈ ಹಂತದಲ್ಲಿ ಖಂಡಿತ ಹಾಕಬಾರದು, ಏಕೆಂದರೆ ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ. ಬೆಂದ ಕೂಡಲೇ ಬಸಿದುಬಿಡಿ.

ಖಾರಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಸಾರಿನ ಪುಡಿ, ತೆಂಗಿನಕಾಯಿ ತುರಿ, ಹುಣಸೆಹಣ್ಣು ಇವುಗಳ ಜೊತೆಗೆ ಬಸಿದ ಸೊಪ್ಪುಕಾಳಿನಲ್ಲೇ ಒಂದು ಸೌಟು ತೆಗೆದು ನುಣ್ಣಗೆ ರುಬ್ಬಿ. ಆ ಒಂದು ಸೌಟು ಇಲ್ಲದಿದ್ದರೆ ಸಾರು ನೀರು ನೀರಾಗಿಯೇ ಉಳಿಯುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಸೊಪ್ಪುಕಾಳಿಗೆ ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ ಸಿದ್ಧ. ಮಾರನೆಯ ದಿನ ಬಿಸಿಮಾಡಿದ ಬಸ್ಸಾರು ಮೊದಲ ದಿನದ್ದಕ್ಕಿಂತ ರುಚಿ ಎಂಬುದು ನಮ್ಮ ಕಡೆಯವರೆಲ್ಲರ ಅಭಿಪ್ರಾಯ, ನನ್ನದೂ ಅದೇ.

ಉತ್ತರ 2 (ಮಂಡ್ಯ)

ರುಬ್ಬಲು ಸಮಯವಿಲ್ಲದ ದಿನ ಇದೇ ಕಟ್ಟಿನಲ್ಲಿ ಉಪ್ಸಾರು ಮಾಡಿಕೊಳ್ಳಿ. ಕಟ್ಟಿಗೆ ಉಪ್ಪು ಸಾಕು. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಒರಳಿನಲ್ಲಿ ತರಿತರಿಯಾಗಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಟ್ಟುಕೊಂಡು, ಬೇಕಾದಷ್ಟೇ ಕಲಸಿಕೊಳ್ಳಬೇಕು. ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆಂದೇ ನಾನು ಹೇಳುತ್ತೇನೆ.

ಅವರೆಕಾಯಿಗೆ ಇನ್ನೂ ಸ್ವಲ್ಪ ಕಾಯಿರಿ. ನಾಟಿ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುವ ಗಿಡ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂತಹ ತಳಿಗಳಿಗೆ ಆ ಕಟ್ಟುಪಾಡಿಲ್ಲದ ಕಾರಣ ಬೇರೆ ತಿಂಗಳುಗಳಲ್ಲಿಯೂ ಕಾಯಿ ಬರುತ್ತದೆ. ಕೊಳ್ಳುವ ಮೊದಲು ಸಿಪ್ಪೆಯನ್ನು ಉಜ್ಜಿ ಮೂಸಿ ನೋಡಿ. ಕೈಗೆ ಜಿಡ್ಡು ಅಂಟಿ ಸೊಗಡು ಹತ್ತಿದರೆ ಕೊಳ್ಳಿ, ಇಲ್ಲವಾದರೆ ಇಬ್ಬನಿ ಬೀಳುವ ಮಾರ್ಗಶಿರದವರೆಗೆ ಬಿಡಿ.

ಉತ್ತರ 3 (ಸರಸ್ವತಿಪುರಂ, ಮೈಸೂರು)

ಒಂದು ಮಾತು ಸೇರಿಸಬೇಕು. ಕೀರೆ, ದಂಟು ಜಾತಿಯ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಬೇಯಿಸಿದಾಗ ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ, ಬಸ್ಸಾರಿನಲ್ಲಿ ನಾವು ಕುಡಿಯುವುದು ಆ ನೀರನ್ನೇ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದರೆ ವೈದ್ಯರನ್ನು ಕೇಳಿಯೇ ಇದನ್ನು ಬಡಿಸುವುದು ಒಳ್ಳೆಯದು. ಅಂಥವರಿಗಾಗಿ ಆಯುಧಪೂಜೆಗೆ ತಂದು ಉಳಿದ ಬೂದುಗುಂಬಳದ ಮಜ್ಜಿಗೆಹುಳಿ ಮಾಡಬಹುದು. ಮಜ್ಜಿಗೆಯನ್ನು ಕೊನೆಯಲ್ಲಿ ಹಾಕಿ, ಅಂಚಿನಲ್ಲಿ ನೊರೆ ಏಳುತ್ತಿದ್ದಂತೆ ಇಳಿಸಿದರೆ ಒಡೆಯುವುದಿಲ್ಲ.